ಬೀಳುವುದು ನಿಜ, ಬಿಂಬ ಬರೆದದ್ದು



ನಮ್ಮ ಯುವಜನ ಬಳಗದಲ್ಲಿ ಕ್ರಿಕೆಟ್ ಮತ್ತು ಫುಟ್ಬಾಲ್ ಬಿಟ್ಟರೆ ಹೆಚ್ಚು ಚರ್ಚೆ ಎಬ್ಬಿಸುವ ವಿಷಯ ಒಂದುಂಟು: ಡಬ್ಲ್ಯುಡಬ್ಲ್ಯುಇ ಕುಸ್ತಿ. ರೋಮನ್ ರೇನ್ಸ್ ದೊಡ್ಡವರೋ ಜಾನ್ ಸೀನಾ ದೊಡ್ಡವರೋ ಎಂದು ಶುರುವಾದ ಮಾತು ಸಭೆ ಮುಗಿದು ಗೇಟಿನ ಹತ್ತಿರ ಬಂದರೂ ಮುಗಿಯುವುದಿಲ್ಲ. ಮನೆಗೆ ಹೋದರೆ ಇನ್ನೊಂದು ವಾದ ಕಾದಿರುತ್ತದೆ. "ಅದೆಲ್ಲ ಸುಳ್ಳು ಹೊಡೆದಾಟ, ಮೊದಲೇ ಮಾತಾಡಿಕೊಂಡದ್ದು, ಅದನ್ನು ಯಾಕೆ ನೋಡ್ತೀರಿ?" ಎಂದು ಹಿರಿಯರು ಕೇಳುತ್ತಾರೆ. ಹಾಗೆ ಕೇಳುವವರಲ್ಲಿ ಕೆಲವರು ತಮ್ಮ ಶಾಲಾದಿನಗಳಲ್ಲಿ ಟ್ರಂಪ್ ಕಾರ್ಡ್ ಹಿಡಿದು, ಯಾರ ಎತ್ತರ ಎಷ್ಟು, ಯಾರ ತೂಕ ಎಷ್ಟು, ಯಾರ ರ‍್ಯಾಂಕ್ ಎಷ್ಟು ಎಂದು ಬಾಯಿಪಾಠ ಮಾಡಿದವರೇ. ಅದು ಬೇರೆ ಮಾತು!

ಈ ವಾದದಲ್ಲಿ ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇವೆ. ಹಿರಿಯರು ಹೇಳುವುದು ಅರ್ಧ ಸರಿ. ಸುಳ್ಳು ಇದೆ, ಆದರೆ ಅವರು ತೋರಿಸುವ ಜಾಗದಲ್ಲಿ ಇಲ್ಲ. ರಿಂಗ್‌ನಲ್ಲಿ ಬೀಳುವುದು ಸುಳ್ಳಲ್ಲ, ನೋವು ಸುಳ್ಳಲ್ಲ. ಬರೆದು ಕೊಟ್ಟದ್ದು ಬಿಂಬ: ಇವರು ಒಳ್ಳೆಯವರು, ಇವರು ಕೆಟ್ಟವರು, ಇವರನ್ನು ಪ್ರೀತಿಸಿ, ಇವರಿಗೆ ಬೂ ಅನ್ನಿ ಎಂಬ ಚಿತ್ರ. ಅದನ್ನು ನಂಬಿ ಮನುಷ್ಯರನ್ನು ಅಳೆಯಲು ಹೊರಟರೆ ತಪ್ಪು ಲೆಕ್ಕ ಬರುತ್ತದೆ. ಟಿವಿ ಆರಿಸಿದ ಮೇಲೂ ಆ ಅಭ್ಯಾಸ ನಮ್ಮಲ್ಲಿ ಉಳಿಯುತ್ತದೆ ಎಂಬುದೇ ನಮ್ಮ ಚಿಂತೆ.

ಮೊದಲು ಫಲಿತಾಂಶದ ವಿಷಯ. ಅದು ಈಗ ಯಾರಿಗೂ ಗುಟ್ಟಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ಆ ಕಂಪೆನಿಯವರೇ ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಬಾಕ್ಸಿಂಗಿನಂಥ ಕ್ರೀಡೆಗಳಿಗಿದ್ದ ಸರಕಾರಿ ನಿಯಮ ಮತ್ತು ತೆರಿಗೆಯಿಂದ ತಪ್ಪಿಸಿಕೊಳ್ಳಲು. ಅದಕ್ಕೂ ಮೊದಲು ಕುಸ್ತಿಪಟುಗಳು ಕಥೆಯನ್ನು ಕಥೆ ಎಂದು ಹೊರಗೆ ಹೇಳುವಂತಿರಲಿಲ್ಲ. ಈ ಗುಟ್ಟು ಕಾಯುವ ಪದ್ಧತಿಗೆ ಅವರ ಭಾಷೆಯಲ್ಲಿ 'ಕೇಫೇಬ್' ಎಂದು ಹೆಸರು. ರಿಂಗ್‌ನಲ್ಲಿ ವೈರಿಗಳಾದವರು ಒಂದೇ ಕಾರಿನಲ್ಲಿ ಹೋಗುವುದನ್ನು ಜನ ನೋಡಬಾರದಿತ್ತು.

ಆದರೆ ಫಲಿತಾಂಶ ಮೊದಲೇ ಗೊತ್ತಿದ್ದರೆ ನೆಲ ಮೆತ್ತಗಾಗುತ್ತದೆಯೇ? ರಿಂಗ್ ಎಂದರೆ ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ, ಅದರ ಮೇಲೆ ತೆಳ್ಳಗಿನ ಫೋಮ್, ಮೇಲೊಂದು ಕ್ಯಾನ್ವಾಸ್. 1998ರ ಜೂನ್ 28ರಂದು ಪಿಟ್ಸ್‌ಬರ್ಗ್‌ನಲ್ಲಿ ಮಿಕ್ ಫೋಲಿ ಸುಮಾರು 16 ಅಡಿ ಎತ್ತರದ ಪಂಜರದ ಮೇಲಿನಿಂದ ಕೆಳಗಿದ್ದ ಮೇಜಿನ ಮೇಲೆ ಬಿದ್ದರು. ಅದು ಯೋಜಿಸಿದ ಬೀಳುವಿಕೆ. ಮತ್ತೆ ಮೇಲೆ ಹತ್ತಿದಾಗ ಪಂಜರದ ಮಾಡು ಕುಸಿದು ರಿಂಗ್‌ಗೆ ಬಿದ್ದದ್ದು ಯಾರೂ ಎಣಿಸದ್ದು. 1999ರ ಮೇ 23ರಂದು ಕನ್ಸಾಸ್ ಸಿಟಿಯಲ್ಲಿ ಓವೆನ್ ಹಾರ್ಟ್ ಅವರನ್ನು ಮೇಲಿನಿಂದ ಹಗ್ಗದಲ್ಲಿ ಇಳಿಸುವಾಗ ಕೊಂಡಿ ಬಿಟ್ಟು, ಸುಮಾರು 78 ಅಡಿ ಎತ್ತರದಿಂದ ಬಿದ್ದು ತೀರಿಕೊಂಡರು. ಪ್ರಾಯ 34. ಆ ರಾತ್ರಿ ಪ್ರದರ್ಶನವನ್ನು ನಿಲ್ಲಿಸಲಿಲ್ಲ, ಉಳಿದ ಪಂದ್ಯಗಳು ನಡೆದವು. ಸುಳ್ಳು ಎಂದು ನಗುವವರು ಈ ಇಬ್ಬರ ಹೆಸರನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಇನ್ನೊಂದು ವಿಷಯ. ರಿಂಗ್‌ನಲ್ಲಿ ಒಬ್ಬನು ಇನ್ನೊಬ್ಬನನ್ನು ಎತ್ತಿ ಬಡಿಯುವಾಗ, ಕೆಳಗೆ ಬೀಳುವವನ ಕುತ್ತಿಗೆ ಎತ್ತಿದವನ ಕೈಯಲ್ಲಿರುತ್ತದೆ. ನಾವು ಬೂ ಅನ್ನುವ ಖಳನಾಯಕನೇ ಆ ಹೊತ್ತಿನಲ್ಲಿ ನಾಯಕನ ಜೀವ ಕಾಯುವವನು. ಒಳ್ಳೆಯ ಕುಸ್ತಿಪಟು ಯಾರೆಂದು ಅವರವರಲ್ಲೇ ಕೇಳಿದರೆ, ಎದುರಾಳಿಗೆ ಪೆಟ್ಟಾಗದಂತೆ ಆಡುವವನಿಗೆ ಹೆಚ್ಚು ಗೌರವ. ಇದು ನಮಗೆ ತುಂಬಾ ಹಿಡಿಸಿದ ಸಂಗತಿ.

ಕುಂಬಳೆ ಸೀಮೆಯ ನಮಗೆ ಇದು ಅರ್ಥವಾಗಲು ಕಷ್ಟವಿಲ್ಲ. ಪಾರ್ತಿಸುಬ್ಬನ ಊರು ನಮ್ಮದು, ಯಕ್ಷಗಾನದ ಚೆಂಡೆ ಕೇಳದ ಕಿವಿ ನಮ್ಮಲ್ಲಿ ಕಡಿಮೆ. ಬಣ್ಣದ ವೇಷ ಅಬ್ಬರಿಸಿಕೊಂಡು ರಂಗಸ್ಥಳಕ್ಕೆ ಬಂದರೆ ಸಣ್ಣ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಬೆಳಗ್ಗೆ ಅದೇ ಕಲಾವಿದರು ಬಸ್‌ಸ್ಟ್ಯಾಂಡ್ ಹತ್ತಿರ ಚಾ ಕುಡಿಯುತ್ತಿದ್ದರೆ ಯಾರೂ ಮುಖ ತಿರುಗಿಸುವುದಿಲ್ಲ. "ನಿನ್ನೆಯ ಮಹಿಷಾಸುರ ಲಾಯ್ಕಾಗಿತ್ತು" ಎಂದು ಕೈ ಹಿಡಿದು ಹೇಳುತ್ತಾರೆ. ವೇಷ ಬೇರೆ, ಮನುಷ್ಯ ಬೇರೆ ಎಂಬ ವಿವೇಕ ನಮ್ಮ ಅಜ್ಜಿಯರಿಗೂ ಇತ್ತು. ಯಕ್ಷಗಾನದಲ್ಲಿ ಬಣ್ಣ ಚೌಕಿಯಲ್ಲೇ ತೊಳೆದುಹೋಗುತ್ತದೆ. ಕುಸ್ತಿಯವರ ಬಣ್ಣ ವಿಮಾನ ನಿಲ್ದಾಣಕ್ಕೂ, ಸಂದರ್ಶನಕ್ಕೂ, ಮೊಬೈಲ್ ಪರದೆಗೂ ಬರುತ್ತದೆ. ಅಲ್ಲಿಯೇ ತೊಂದರೆ ಶುರುವಾಗುವುದು.

ಒಳ್ಳೆಯವನ ಬಿಂಬವನ್ನು ಮೊದಲು ನೋಡೋಣ. ಹಲ್ಕ್ ಹೋಗನ್ ಅವರಿಗಿಂತ ದೊಡ್ಡ ಉದಾಹರಣೆ ಇಲ್ಲ. 1980ರ ದಶಕದಲ್ಲಿ ಹಳದಿ ಕೆಂಪು ಬಟ್ಟೆಯ ಈ ದೈತ್ಯರು ಮಕ್ಕಳಿಗೆ ವ್ಯಾಯಾಮ ಮಾಡಿ, ಪ್ರಾರ್ಥನೆ ಮಾಡಿ, ವಿಟಮಿನ್ ತಿನ್ನಿ ಎಂದು ಉಪದೇಶ ಮಾಡುತ್ತಿದ್ದರು. ಮನೆಯವರಿಗೂ ಕೇಳಲು ಹಿತವಾಗುವ ಮಾತು. 1991ರಲ್ಲಿ ಟಿವಿ ಸಂದರ್ಶನದಲ್ಲಿ ತಾವು ಸ್ಟೆರಾಯ್ಡ್ ದುರ್ಬಳಕೆ ಮಾಡುವವರಲ್ಲ ಎಂದರು. 1994ರಲ್ಲಿ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಗಿ ಬಂದಾಗ, ವರ್ಷಗಟ್ಟಲೆ ಸ್ಟೆರಾಯ್ಡ್ ಬಳಸಿದ್ದನ್ನು ಒಪ್ಪಿಕೊಂಡರು. 2015ರಲ್ಲಿ ಕರಿಯ ಜನರ ಬಗ್ಗೆ ಅವರು ಆಡಿದ ಹೀನ ಮಾತಿನ ಧ್ವನಿಮುದ್ರಣ ಹೊರಬಂದು, ಕಂಪೆನಿ ಅವರ ಹೆಸರನ್ನೇ ತೆಗೆದುಹಾಕಿತು. 2018ರಲ್ಲಿ ಮತ್ತೆ ಸೇರಿಸಿಕೊಂಡಿತು. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ವೇದಿಕೆಗೆ ಬಂದಾಗ ಜನ ಬೂ ಅಂದರು. ಅದೇ ವರ್ಷ ಜುಲೈ 24ರಂದು, 71ರ ಪ್ರಾಯದಲ್ಲಿ ಅವರು ತೀರಿಕೊಂಡರು.

ತೀರಿಹೋದವರನ್ನು ಕಲ್ಲು ಹೊಡೆಯಲು ಈ ಮಾತು ಬರೆದದ್ದಲ್ಲ. ಆ ದೇಹವನ್ನು ನೋಡಿ, ವಿಟಮಿನ್ ತಿಂದರೆ ಹಾಗಾಗುತ್ತದೆ ಎಂದು ನಂಬಿದ ಮಕ್ಕಳ ಬಗ್ಗೆ ನಮ್ಮ ಚಿಂತೆ. ಇಂದು ನಮ್ಮೂರಿನ ಜಿಮ್‌ಗಳಿಗೆ ಹೋಗುವ ಹುಡುಗರೂ ಮೊಬೈಲಿನಲ್ಲಿ ಒಂದು ದೇಹವನ್ನು ತೋರಿಸಿ, ಮೂರು ತಿಂಗಳಲ್ಲಿ ಹೀಗೆ ಆಗಬೇಕು ಎನ್ನುತ್ತಾರೆ. ಕುಸ್ತಿ ಲೋಕವೇ ಇದರ ಬೆಲೆ ಕೊಟ್ಟಿದೆ. ಎಡ್ಡಿ ಗೆರೆರೊ 2005ರ ನವೆಂಬರ್‌ನಲ್ಲಿ 38ರ ಪ್ರಾಯದಲ್ಲಿ ಹೃದಯ ನಿಂತು ಹೋದರು. ಅದರ ನಂತರ, 2006ರಲ್ಲಿ, ಕಂಪೆನಿ ಔಷಧ ಪರೀಕ್ಷೆ ಮತ್ತು ಹೃದಯ ತಪಾಸಣೆಯ ನಿಯಮ ತಂದಿತು. ಗೆರೆರೊ ಅವರ ಬಿಂಬವನ್ನೂ ನೋಡಿ: ಸುಳ್ಳು ಹೇಳುವ, ಮೋಸ ಮಾಡುವ, ಕದಿಯುವ ಚಾಲಾಕಿ ಮನುಷ್ಯ. ನಿಜ ಜೀವನದಲ್ಲಿ ಅದೇ ವರ್ಷಗಳಲ್ಲಿ ಅವರು ಕುಡಿತ ಮತ್ತು ಮಾತ್ರೆಗಳನ್ನು ಬಿಟ್ಟು, ದಿನದಿನವೂ ಹೋರಾಡಿ ಸಂಸಾರವನ್ನು ಮತ್ತೆ ಕಟ್ಟಿಕೊಂಡಿದ್ದರು. ಹಳೆಯ ವರ್ಷಗಳ ಪೆಟ್ಟನ್ನು ಮಾತ್ರ ಹೃದಯ ಮರೆಯಲಿಲ್ಲ. ವಿಟಮಿನ್ ತಿನ್ನಿ ಎಂದವರು ಸ್ಟೆರಾಯ್ಡ್ ಬಳಸಿದ್ದರು, ಕಳ್ಳ ಎಂದು ಹೆಸರಾದವರು ಪ್ರಾಮಾಣಿಕವಾಗಿ ಹೋರಾಡುತ್ತಿದ್ದರು. ಬಿಂಬವನ್ನು ನಂಬುವವರು ಈ ಇಬ್ಬರ ವಿಷಯದಲ್ಲೂ ಮೋಸ ಹೋಗುತ್ತಾರೆ.

ಕೆಟ್ಟವನ ಬಿಂಬ ಇನ್ನೂ ಅಪಾಯಕರ. ಯಾಕೆಂದರೆ ಅದು ಒಬ್ಬನ ಮೇಲೆ ನಿಲ್ಲುವುದಿಲ್ಲ, ಅವನ ಜನರ ಮೇಲೆಯೂ ಬೀಳುತ್ತದೆ. ಇರಾನಿನಿಂದ ಬಂದ ಕುಸ್ತಿಪಟು ಖೊಸ್ರೊ ವಜೀರಿ 1972ರ ಒಲಿಂಪಿಕ್ಸ್‌ಗೆ ಅಮೆರಿಕದ ತಂಡದ ಸಹಾಯಕ ತರಬೇತುದಾರರಾಗಿದ್ದವರು. ಆದರೆ ಟಿವಿಯಲ್ಲಿ ಅವರು 'ಐರನ್ ಶೇಖ್', ಅಮೆರಿಕದ ವೈರಿ. 1984ರಲ್ಲಿ ಹೋಗನ್ ಮೊದಲ ಬಾರಿ ಆ ಪಟ್ಟ ಗೆದ್ದದ್ದು ಇವರನ್ನು ಸೋಲಿಸಿಯೇ. 2004ರಲ್ಲಿ ಮುಹಮ್ಮದ್ ಹಸನ್ ಎಂಬ ಪಾತ್ರ ಬಂತು. ಅರಬ್ ಮೂಲದ ಅಮೆರಿಕನ್ನರನ್ನು ಎಲ್ಲರೂ ಸಂಶಯದಿಂದ ನೋಡುತ್ತಾರೆ ಎಂದು ದೂರುವ ಪಾತ್ರ. ಆ ದೂರಿನಲ್ಲಿ ಸತ್ಯವಿತ್ತು. ಆದರೂ ಕಥೆ ಬರೆದವರು ಅವನನ್ನು ಖಳನನ್ನಾಗಿ ಮಾಡಿ, ಮುಖ ಮುಚ್ಚಿದವರನ್ನು ಅವನ ಹಿಂದೆ ನಿಲ್ಲಿಸಿದರು. ಆ ದೃಶ್ಯ 2005ರ ಜುಲೈ 7ರಂದು, ಲಂಡನ್ ಬಾಂಬ್ ಸ್ಫೋಟದ ದಿನವೇ, ಅಮೆರಿಕದಲ್ಲಿ ಪ್ರಸಾರವಾಯಿತು. ಗಲಾಟೆಯಾಗಿ ಪಾತ್ರವನ್ನೇ ನಿಲ್ಲಿಸಬೇಕಾಯಿತು. ಆ ವೇಷ ಹಾಕಿದವರು ಅರಬರೇ ಅಲ್ಲ, ಇಟಲಿ ಮೂಲದ ಅಮೆರಿಕನ್.

ನಮ್ಮ ದೇಶದವರ ಕಥೆಯೂ ಬೇರೆಯಲ್ಲ. ಹಿಮಾಚಲದ ಧಿರೈನಾ ಎಂಬ ಹಳ್ಳಿಯ ದಲೀಪ್ ಸಿಂಗ್ ರಾಣಾ ಕೂಲಿ ಮಾಡಿದರು, ಕಾವಲುಗಾರರಾದರು, ಮುಂದೆ ಪಂಜಾಬ್ ಪೊಲೀಸ್ ಸೇರಿದರು. ಅವರ ಎತ್ತರಕ್ಕೆ ಕಾರಣ ಗ್ರಂಥಿಯ ಕಾಯಿಲೆ. 2012ರಲ್ಲಿ ಮೆದುಳಿನ ಬಳಿಯ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಯಿತು. ಆದರೆ 2006ರಲ್ಲಿ ಟಿವಿಗೆ ಬಂದಾಗ 'ಗ್ರೇಟ್ ಖಲಿ' ಎಂದರೆ ಮಾತೂ ಬಾರದ, ಗರ್ಜಿಸುವ ರಾಕ್ಷಸ. ಕಾಯಿಲೆಯಿಂದ ಬಂದ ದೇಹವನ್ನು ಭಯದ ವಸ್ತುವಾಗಿ ಮಾರಿದರು. ಅವರು 2007ರಲ್ಲಿ ವಿಶ್ವ ಪಟ್ಟ ಗೆದ್ದರು, ಆಮೇಲೆ ಜಲಂಧರ್‌ನಲ್ಲಿ ಶಾಲೆ ತೆರೆದರು. ಹರಿಯಾಣದ ವೇಟ್‌ಲಿಫ್ಟರ್ ಕವಿತಾ ದೇವಿ ಅಲ್ಲಿ ಕಲಿತು, 2017ರಲ್ಲಿ ಸಲ್ವಾರ್ ಕಮೀಜ್ ಹಾಕಿಕೊಂಡೇ ರಿಂಗ್‌ಗೆ ಇಳಿದರು. ಅಲ್ಲಿ ಆಡಿದ ಮೊದಲ ಭಾರತೀಯ ಮಹಿಳೆ ಅವರು. ರಾಕ್ಷಸ ಎಂದು ಹೆಸರು ಕೊಟ್ಟವರು ಎಣಿಸದ ಕೆಲಸ ಇದು.

ಕೆನಡಾದಲ್ಲಿ ಹುಟ್ಟಿದ ಜಿಂದರ್ ಮಹಲ್ 2017ರ ಮೇ 21ರಂದು ರಾಂಡಿ ಆರ್ಟನ್ ಅವರನ್ನು ಸೋಲಿಸಿ ಪಟ್ಟ ಗೆದ್ದರು. ಅವರಿಗೆ ಕೊಟ್ಟ ಪಾತ್ರ ಸೊಕ್ಕಿನ ಮಹಾರಾಜ. ಮೈಕ್ ಹಿಡಿದು ಪಂಜಾಬಿಯಲ್ಲಿ ಮಾತಾಡಲು ಶುರು ಮಾಡಿದ ಕೂಡಲೇ ಸಭಾಂಗಣ ಬೂ ಅನ್ನುತ್ತಿತ್ತು. ಅವರು ಬೈಗುಳ ಹೇಳಿದರೋ ಹಬ್ಬದ ಶುಭಾಶಯ ಹೇಳಿದರೋ ಬೂ ಅಂದವರಿಗೆ ಗೊತ್ತಿರಲಿಲ್ಲ. ಭಾಷೆ ಕೇಳಿಸಿದ್ದೇ ಸಾಕಾಗಿತ್ತು.

ಗೆಳೆಯರೇ, ಗಡಿನಾಡಿನ ನಮಗೆ ಇದು ಯಾರೂ ವಿವರಿಸಬೇಕಾದ ವಿಷಯವಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಕಚೇರಿಯ ಅರ್ಜಿಯಲ್ಲಿ ಮಲಯಾಳ. ತಪ್ಪು ಜಾಗದಲ್ಲಿ ತಪ್ಪು ಭಾಷೆ ಬಾಯಿಗೆ ಬಂದರೆ ಎದುರಿನವರ ಮುಖ ಹೇಗೆ ಬದಲಾಗುತ್ತದೆ ಎಂದು ನಮಗೆ ಗೊತ್ತುಂಟು. ಹಾಗಿರುವಾಗ, ಕಟ್ಟಡ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ ದೂರದಿಂದ ಬಂದ ಹುಡುಗರನ್ನು, ಅವರು ಅಸ್ಸಾಮಿನವರಿರಲಿ ಒಡಿಶಾದವರಿರಲಿ, ಊರಲ್ಲಿ ಎಲ್ಲರೂ 'ಬಂಗಾಳಿ' ಎಂದು ಒಂದೇ ಹೆಸರಿನಲ್ಲಿ ಕರೆಯುವುದು, ಏನಾದರೂ ಕಳವಾದರೆ ಮೊದಲು ಅವರ ಕಡೆ ನೋಡುವುದು ಯಾವ ನ್ಯಾಯ? ಅದೂ ಒಂದು ಬೂ. ಅಲ್ಲಿ ಸಭಾಂಗಣ ಇಲ್ಲ, ಅಷ್ಟೇ.

ಬರೆದ ಬಿಂಬ ಕಣ್ಣೆದುರೇ ಒಡೆದುಹೋದ ಒಂದು ರಾತ್ರಿಯನ್ನು ಹೆಚ್ಚಿನವರು ನೋಡಿರಬಹುದು. ರೋಮನ್ ರೇನ್ಸ್ ಅವರನ್ನು ಕಂಪೆನಿ ನಾಯಕ ಎಂದು ಮುಂದೆ ತಳ್ಳಿದಷ್ಟೂ ಜನ ಬೂ ಅನ್ನುತ್ತಿದ್ದ ಕಾಲ ಅದು. 2018ರ ಅಕ್ಟೋಬರ್ 22ರಂದು ಅವರು ರಿಂಗ್ ಮಧ್ಯೆ ನಿಂತು, ತನ್ನ ನಿಜವಾದ ಹೆಸರು ಜೋ ಎಂದೂ, 11 ವರ್ಷಗಳಿಂದ ತನಗೆ ರಕ್ತದ ಕ್ಯಾನ್ಸರ್ ಇದೆ, ಅದು ಮರಳಿ ಬಂದಿದೆ ಎಂದೂ ಹೇಳಿ ಪಟ್ಟವನ್ನು ಕೆಳಗಿಟ್ಟರು. ಬೂ ಅನ್ನಲು ಬಂದ ಬಾಯಿಗಳು ಹಾಗೇ ನಿಂತವು. ಎಷ್ಟೋ ಜನ ಅತ್ತರು. ಮುಂದಿನ ಫೆಬ್ರವರಿಯಲ್ಲಿ ಅವರು ಗುಣಮುಖರಾಗಿ ಬಂದದ್ದು ಸಂತೋಷ. ಆದರೆ ನಮ್ಮ ಪ್ರಶ್ನೆ ಇದು: ಒಬ್ಬರು ಮನುಷ್ಯರೆಂದು ನೆನಪಾಗಲು ಅವರಿಗೆ ಕ್ಯಾನ್ಸರ್ ಬರಬೇಕೇ?

ಹಾಗಾದರೆ ಯಾರನ್ನೂ ಮೆಚ್ಚಲೇಬಾರದೇ? ಮೆಚ್ಚಬೇಕು, ಆದರೆ ಅಳತೆಗೋಲು ಬೇರೆ ಇರಬೇಕು. ಜಾನ್ ಸೀನಾ ಅವರನ್ನೇ ತೆಗೆದುಕೊಳ್ಳಿ. ತೀವ್ರ ಕಾಯಿಲೆಯ ಮಕ್ಕಳ ಆಸೆ ಈಡೇರಿಸುವ ಮೇಕ್ ಎ ವಿಶ್ ಸಂಸ್ಥೆಯ ಮೂಲಕ ಅವರು 650ಕ್ಕಿಂತ ಹೆಚ್ಚು ಮಕ್ಕಳನ್ನು ಭೇಟಿಯಾಗಿದ್ದಾರೆ. ಬೇರೆ ಯಾವ ತಾರೆಯೂ ಅಷ್ಟು ಮಾಡಿಲ್ಲ. ಅದೇ ಸೀನಾ 2021ರಲ್ಲಿ ತೈವಾನನ್ನು ದೇಶ ಎಂದು ಕರೆದದ್ದಕ್ಕೆ ಚೀನಾದಲ್ಲಿ ಗಲಾಟೆಯಾದಾಗ, ಚೀನಿ ಭಾಷೆಯಲ್ಲಿ ಕ್ಷಮೆ ಕೇಳಿದರು. ಸಿನಿಮಾದ ವ್ಯಾಪಾರ ಮುಂದಿತ್ತು. ಎಂದಿಗೂ ಸೋಲೊಪ್ಪಬೇಡ ಎಂದು ಬನಿಯನ್ ಮೇಲೆ ಬರೆಸಿಕೊಂಡವರು ಅಲ್ಲಿ ಬೇಗ ಸೋಲೊಪ್ಪಿದರು ಎಂದು ನಮಗೆ ಅನಿಸುತ್ತದೆ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಬೇಕಾಗಿಲ್ಲ. 2023ರ ಸೆಪ್ಟೆಂಬರ್ 8ರಂದು ಅವರು ಹೈದರಾಬಾದಿನ ಗಚ್ಚಿಬೌಲಿಗೆ ಬಂದಾಗ ಜನ ಕೂಗಿ ಸ್ವಾಗತಿಸಿದರು. 2025ರ ಮಾರ್ಚ್‌ನಲ್ಲಿ, ಇಪ್ಪತ್ತು ವರ್ಷ ನಾಯಕನಾಗಿ ಮೆರೆದ ಮೇಲೆ, ಅವರನ್ನು ಖಳನನ್ನಾಗಿ ಮಾಡಿದರು. ಮಕ್ಕಳು ಅತ್ತರು. ಕೆಲವೇ ತಿಂಗಳಲ್ಲಿ ಮತ್ತೆ ನಾಯಕ. ಡಿಸೆಂಬರ್‌ನಲ್ಲಿ ಕೊನೆಯ ಪಂದ್ಯ ಆಡಿ, ಸೋತು, ಬೂಟುಗಳನ್ನು ರಿಂಗ್‌ನಲ್ಲಿ ಬಿಟ್ಟು ಹೋದರು. ಖಳನೆಂದು ಬರೆದ ದಿನವೂ ಮಕ್ಕಳ ಜೊತೆಗಿನ ಆ 650 ಭೇಟಿಗಳು ಅಳಿಸಿಹೋಗಲಿಲ್ಲ. ನಾಯಕ ಎಂದು ಬರೆದ ದಿನ ಆ ಕ್ಷಮಾಪಣೆಯೂ ಅಳಿಸಿಹೋಗುವುದಿಲ್ಲ.

ನಮ್ಮ ವಿಶ್ವಾಸವನ್ನು ನೇರವಾಗಿ ಮುಟ್ಟುವ ಒಂದು ಘಟನೆಯನ್ನೂ ಇಲ್ಲಿ ಹೇಳಬೇಕು. 'ಆಸ್ಟಿನ್ 3:16' ಎಂದು ಬರೆದ ಕಪ್ಪು ಟೀಶರ್ಟ್ ನೋಡಿದವರು ಇದ್ದೀರಿ. ಅದು ಹುಟ್ಟಿದ್ದು 1996ರ ಜೂನ್ 23ರಂದು. ಜೇಕ್ ರಾಬರ್ಟ್ಸ್ ಎಂಬ ಹಳೆಯ ಕುಸ್ತಿಪಟು ಕುಡಿತ ಬಿಟ್ಟು, ಬೈಬಲ್ ವಾಕ್ಯ ಹೇಳುತ್ತಾ ಮರಳಿ ಬಂದಿದ್ದರು. ಸ್ಟೀವ್ ಆಸ್ಟಿನ್ ಅವರನ್ನು ಸೋಲಿಸಿ, ಯೊವಾನ್ನರ 3:16ನ್ನು ಅಣಕಿಸಿ ತನ್ನ ಹೆಸರನ್ನು ಅದಕ್ಕೆ ಜೋಡಿಸಿದರು. ಆ ಟೀಶರ್ಟ್ ಲೆಕ್ಕವಿಲ್ಲದಷ್ಟು ಮಾರಾಟವಾಯಿತು. ಅದನ್ನು ಹಾಕಬಹುದೇ ಬಾರದೇ ಎಂದು ನಮ್ಮಲ್ಲಿ ಜಗಳವಾಗುತ್ತದೆ. ಹಾಕಿಕೊಂಡವರಿಂದ ಸುವಾರ್ತೆಗೆ ಪೆಟ್ಟಾಗುವುದಿಲ್ಲ ಎಂದು ನಾವು ಎಣಿಸುತ್ತೇವೆ. ನಮಗೆ ನೋವಾಗುವುದು ಬೇರೆ ವಿಷಯಕ್ಕೆ: ಆ ವರ್ಷ ಕುಡಿತದ ವಿರುದ್ಧ ಒಬ್ಬ ಮನುಷ್ಯರು ಮಾಡುತ್ತಿದ್ದ ನಿಜವಾದ ಹೋರಾಟವನ್ನೇ ಕಥೆ ಮಾಡಿದರು, ತಮಾಷೆ ಮಾಡಿದರು, ಜನ ನಕ್ಕರು. ರಾಬರ್ಟ್ಸ್ ಮತ್ತೆ ಕುಡಿತಕ್ಕೆ ಬಿದ್ದರು. ಅದು ಬಹಳ ವರ್ಷಗಳ ಕತ್ತಲೆ.

2012ರಲ್ಲಿ ಡೈಮಂಡ್ ಡಲ್ಲಾಸ್ ಪೇಜ್ ಎಂಬ ಹಳೆಯ ಜೊತೆಗಾರರು ಅವರನ್ನು ಜಾರ್ಜಿಯಾದ ತಮ್ಮ ಮನೆಗೇ ಕರೆದುಕೊಂಡು ಹೋದರು. ವ್ಯಾಯಾಮ ಮಾಡಿಸಿದರು, ಬಿದ್ದಾಗ ಸಿಟ್ಟು ಮಾಡಿದರು, ಆದರೆ ಬಾಗಿಲು ಮುಚ್ಚಲಿಲ್ಲ. ಸ್ಕಾಟ್ ಹಾಲ್ ಎಂಬ ಇನ್ನೊಬ್ಬರಿಗೂ ಅದೇ ಮನೆಯಲ್ಲಿ ಜಾಗ ಸಿಕ್ಕಿತು. 2014ರಲ್ಲಿ ರಾಬರ್ಟ್ಸ್ ಕುಡಿಯದ ಮನುಷ್ಯರಾಗಿ ವೇದಿಕೆ ಹತ್ತಿ ಗೌರವ ಪಡೆದರು. ಕುಸ್ತಿ ಲೋಕದ ಅತಿ ದೊಡ್ಡ ಗೆಲುವು ಯಾವುದು ಎಂದು ಕೇಳಿದರೆ ನಾವು ಆ ಮನೆಯ ಬಾಗಿಲನ್ನು ತೋರಿಸುತ್ತೇವೆ. ಅದನ್ನು ಯಾವ ಲೇಖಕನೂ ಮೊದಲೇ ಬರೆದು ಕೊಟ್ಟಿರಲಿಲ್ಲ.

ಇಷ್ಟು ಹೇಳಿದ ಮೇಲೆ ನಾಲ್ಕು ಮಾತು.

ಹಿರಿಯರೇ, "ಸುಳ್ಳು" ಎಂದು ಹೇಳಿ ಟಿವಿ ಆರಿಸುವುದಕ್ಕಿಂತ ಒಂದು ಸಲ ಮಕ್ಕಳ ಹತ್ತಿರ ಕೂತು ನೋಡಿ. ಇವನನ್ನು ಯಾಕೆ ಕೆಟ್ಟವನು ಅಂತೀಯ, ಅವನು ಏನು ಮಾಡಿದ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹುಡುಕಲು ಕಲಿತ ಮಗು ನಾಳೆ ವಾಟ್ಸಾಪಿನಲ್ಲಿ ಬಂದ ಸುದ್ದಿಗೂ ಅದೇ ಪ್ರಶ್ನೆ ಕೇಳುತ್ತದೆ.

ತಮ್ಮಂದಿರೇ, ತಂಗಿಯರೇ, ಆ ಪಟ್ಟುಗಳನ್ನು ಹಾಸಿಗೆಯ ಮೇಲೂ ಶಾಲೆಯ ಮೈದಾನದಲ್ಲೂ ಮಾಡಬೇಡಿ. ವರ್ಷಗಟ್ಟಲೆ ಬೀಳುವುದನ್ನೇ ಕಲಿತವರ ಕುತ್ತಿಗೆಗೂ ಪೆಟ್ಟಾಗಿದೆ.

ಜಿಮ್‌ಗೆ ಹೋಗುವ ಗೆಳೆಯರೇ, ದುಡಿದು ಬರುವ ದೇಹ ನಿಧಾನವಾಗಿ ಬರುತ್ತದೆ. ಬೇಗ ಬರುವ ದೇಹದ ಬಿಲ್ಲು ಆಮೇಲೆ ಬರುತ್ತದೆ.

ಮತ್ತು ನಮಗೆಲ್ಲರಿಗೂ: ನಿಮ್ಮ ಇಷ್ಟದ ತಾರೆಗೆ ಗಂಟಲು ಬಿರಿಯುವಷ್ಟು ಕೂಗಿ, ಖಳನಿಗೆ ಬೂ ಅನ್ನಿ, ಅದು ಆಟದ ಭಾಗ. ಆದರೆ ಗಂಟೆ ಹೊಡೆದ ಮೇಲೆ ಆ ಬೂ ಅಲ್ಲೇ ಬಿಟ್ಟು ಬನ್ನಿ. ನಮ್ಮ ವಾರ್ಡಿನಲ್ಲಿ, ತರಗತಿಯಲ್ಲಿ, ಬಸ್ಸಿನಲ್ಲಿ ಯಾರಿಗೆ ಯಾರು ಯಾವ ಪಾತ್ರ ಬರೆದು ಕೊಟ್ಟಿದ್ದಾರೆ ಎಂದು ಒಮ್ಮೆ ನೋಡಿ. ಕುಡುಕ, ಪೆದ್ದ, ಹೊರಗಿನವನು, ಕೆಟ್ಟ ಮನೆಯವಳು ಎಂದು ಹೆಸರು ಹಚ್ಚಿದವರಲ್ಲಿ ಒಬ್ಬರ ಜೊತೆ ಈ ವಾರ ಹತ್ತು ನಿಮಿಷ ಮಾತಾಡಿ. ಅವರು ಯಾರೆಂದು ಅವರ ಬಾಯಿಂದಲೇ ಕೇಳಿ. ಮುಂದಿನ ಸಭೆಯಲ್ಲಿ ಸೀನಾ ದೊಡ್ಡವರೋ ರೇನ್ಸ್ ದೊಡ್ಡವರೋ ಎಂಬ ಜಗಳ ಮತ್ತೆ ಶುರು ಮಾಡೋಣ. ಅದರಲ್ಲಿ ನಮಗೆ ಯಾವ ಬೇಸರವೂ ಇಲ್ಲ.